ಮುಗಿಸಿದ ದಿನವೇ ಮುಂದಿನ ತಾರೀಖು: ಪುಣೆಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಬಾಡಿಗೆ, ಹಾಲು, ಕೆಲಸದವರ ಸಂಬಳ ತಿಂಗಳಿಗೊಮ್ಮೆ ತಾವಾಗಿಯೇ ನೆನಪಾಗುತ್ತವೆ. ಪುಣೆಗೆ ಬಂದ ಮೊದಲ ವರ್ಷ ಕೈತಪ್ಪುವುದು ಎರಡು ತಿಂಗಳಿಗೆ, ಮೂರು ತಿಂಗಳಿಗೆ, ಹನ್ನೊಂದು ತಿಂಗಳಿಗೆ ಒಮ್ಮೆ ಬರುವಂಥವು. ಪೈಪ್ ಗ್ಯಾಸಿನ ಬಿಲ್ಲು ಎರಡು ತಿಂಗಳಿಗೊಮ್ಮೆ, ಸೊಸೈಟಿ ಮೇಂಟೆನೆನ್ಸು ಹಲವೆಡೆ ಮೂರು ತಿಂಗಳಿಗೊಮ್ಮೆ. ಇವು ತಿಂಗಳ ಖರ್ಚಿನ ಪಟ್ಟಿಯಲ್ಲಿ ಕೂರುವುದೇ ಇಲ್ಲ.

ಇದಕ್ಕೆ ನಾವು ಹೇಳುವ ಉಪಾಯ ಒಂದೇ. ಅಡುಗೆಮನೆಯ ಗೋಡೆಗೆ ದೊಡ್ಡ ಚೌಕಗಳ ಕ್ಯಾಲೆಂಡರ್ ಹಾಕಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ಒಂದು ಕೆಲಸ ಮುಗಿದ ಕೂಡಲೇ ಅದು ಮತ್ತೆ ಬರುವ ತಾರೀಖನ್ನು ಮುಂದಿನ ಪುಟದಲ್ಲಿ ಬರೆಯಿರಿ. ರಶೀದಿ ಕೈಯಲ್ಲಿರುವಾಗ ಅರ್ಧ ನಿಮಿಷದ ಕೆಲಸ. ನಾಳೆಗೆ ಬಿಟ್ಟರೆ ಆಗುವುದಿಲ್ಲ. ಮೊಬೈಲಿನ ಅಲಾರಂ ಒಬ್ಬರಿಗೆ ಮಾತ್ರ ಕೇಳಿಸುತ್ತದೆ, ಗೋಡೆ ಮನೆಮಂದಿಗೆಲ್ಲ ಕಾಣಿಸುತ್ತದೆ. ಕನ್ನಡದ ಕ್ಯಾಲೆಂಡರೇ ಸಾಕು: ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ತಿಂಗಳು ಅಮಾವಾಸ್ಯೆಗೆ ಮುಗಿಯುವುದರಿಂದ ಶ್ರಾವಣ, ಭಾದ್ರಪದ ಒಟ್ಟಿಗೇ ಬರುತ್ತವೆ, ನಮ್ಮ ಯುಗಾದಿಯ ದಿನವೇ ಇಲ್ಲಿಯ ಗುಡಿ ಪಾಡ್ವಾ.

ಮೊದಲು ಬರೆಯಬೇಕಾದದ್ದು ಮನೆಯ ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಇಲ್ಲಿಯ ಬಾಡಿಗೆ ಕರಾರು, ಮುಗಿಯುವ ತಾರೀಖು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಕರಾರು 11 ತಿಂಗಳದ್ದಾದರೂ ನೋಂದಣಿ ಆಗಲೇಬೇಕು. ಛಾಪಾ ಕಾಗದದ ಮೇಲೆ ಸಹಿ ಮಾಡಿ ನೋಟರಿ ಮೊಹರು ಒತ್ತಿಸಿದರೆ ಸಾಲದು. ಏಜೆಂಟರು ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಗೇ ಬಂದು ಆಧಾರ್ ಮೂಲಕ ಆನ್‌ಲೈನ್ ನೋಂದಣಿ ಮಾಡಿಸುತ್ತಾರೆ. ಆಧಾರ್ ವಿಳಾಸ ಬದಲಾವಣೆ, ಗ್ಯಾಸ್, ಶಾಲೆ ಎಲ್ಲಕ್ಕೂ ಕೇಳುವುದು ಇದೇ ಕಾಗದವನ್ನು. ಆದ್ದರಿಂದ ಒಂಬತ್ತನೇ ತಿಂಗಳ ಮೊದಲ ವಾರದಲ್ಲಿ ‘ಮಾಲೀಕರನ್ನು ಕೇಳು’ ಎಂದು ಬರೆದಿಡಿ. ಅವರು ಬೇರೆ ಊರಲ್ಲಿದ್ದರೆ ಹೆಬ್ಬೆಟ್ಟು ಸಿಗುವುದೇ ತಡ. ಮನೆ ಬಿಡಿ ಎಂದರೆ ಹುಡುಕಾಟಕ್ಕೆ ಎರಡು ತಿಂಗಳಾದರೂ ಬೇಕು. ಹೊಸ ಕರಾರಾದಾಗ ಪೊಲೀಸರಿಗೆ ಕೊಡುವ ಬಾಡಿಗೆದಾರರ ಮಾಹಿತಿಯನ್ನೂ ಹೊಸದಾಗಿ ಕೊಡಿ.

ಕರೆಂಟು ಇಲ್ಲಿಯ ಸರ್ಕಾರಿ ವಿದ್ಯುತ್ ಕಂಪನಿ ಮಹಾವಿತರಣದ್ದು. ಬಿಲ್ಲಿನ ಮೇಲಿನ 12 ಅಂಕಿಯ ಗ್ರಾಹಕ ಸಂಖ್ಯೆಗೆ ನಿಮ್ಮ ಮೊಬೈಲ್ ನಂಬರ್ ಸೇರಿಸಿ. ಇಲ್ಲವಾದರೆ ಬಿಲ್ಲಿನ ಸಂದೇಶ ಮಾಲೀಕರಿಗೋ ಹಿಂದಿನ ಬಾಡಿಗೆದಾರರಿಗೋ ಹೋಗುತ್ತಿರುತ್ತದೆ. ಬಾಕಿ ಉಳಿದರೆ 15 ದಿನದ ನೋಟಿಸ್ ಕೊಟ್ಟು ಸಂಪರ್ಕ ಕಡಿಯಬಹುದು, ಆ ನೋಟಿಸೂ ಅದೇ ನಂಬರಿಗೆ ಹೋದೀತು. ಮನೆಗೆ ಬಂದ ದಿನವೇ ಮೀಟರಿನ ಫೋಟೊ ತೆಗೆದಿಡಿ.

ಸಿಲಿಂಡರ್ ಬಳಸುವವರು ಎರಡು ತಾರೀಖು ನೋಡಬೇಕು. ರಬ್ಬರ್ ಟ್ಯೂಬನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಆಗಲೇ, ಬದಲಿಸಿ. ಸಿಲಿಂಡರಿನ ಹಿಡಿಯ ಕೆಳಗಿನ ಪಟ್ಟಿಯ ಒಳಮೈಯಲ್ಲಿ ‘ಬಿ-27’ ಎಂಬಂಥ ಗುರುತಿರುತ್ತದೆ: ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ವರೆಗೆ; 27 ಎಂದರೆ 2027ನೇ ಇಸವಿ. ಆ ಅವಧಿಯೊಳಗೆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ಅವಧಿ ದಾಟಿದ್ದು ಬಂದರೆ ಬಾಗಿಲಲ್ಲೇ ಹಿಂದಿರುಗಿಸಿ.

ವಾರದ ಕೆಲಸಗಳಲ್ಲಿ ನೀರಿನದು ದೊಡ್ಡದು. ಮಹಾನಗರಪಾಲಿಕೆ ದುರಸ್ತಿಗೆಂದು ನೀರು ನಿಲ್ಲಿಸುವುದು ಹೆಚ್ಚಾಗಿ ಗುರುವಾರ. ಶುಕ್ರವಾರ ಬೆಳಿಗ್ಗೆ ನೀರು ತಡವಾಗಿ, ಸಣ್ಣಗೆ ಬರುತ್ತದೆ. ಪ್ರಕಟಣೆ ಕಂಡರೆ ಬುಧವಾರ ರಾತ್ರಿಯೇ ತುಂಬಿಡಿ. ತೊಂದರೆ ಶುರುವಾಗುವುದು ಆಮೇಲೆ. ತುಂಬಿಟ್ಟ ಬಕೆಟ್ಟು, ಡ್ರಮ್ಮು ಹಾಗೇ ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಎಂಟು-ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ಎಲ್ಲ ಪಾತ್ರೆ ಖಾಲಿ ಮಾಡಬೇಕು. ಚೆಲ್ಲಿದರಷ್ಟೇ ಸಾಲದು: ಮೊಟ್ಟೆ ನೀರಿನ ಗೆರೆಯ ಬಳಿ ಒಳಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಶನಿವಾರ ನಾರು ಹಾಕಿ ತಿಕ್ಕಿ ಬೋರಲು ಹಾಕಿ. ಫ್ರಿಜ್ಜಿನ ಹಿಂದಿನ ತಟ್ಟೆ, ಗಿಡದ ಕುಂಡದ ಕೆಳಗಿನ ತಟ್ಟೆ ಮರೆಯಬೇಡಿ.

ಜೋಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ‘ಇಲ್ಲಿ ರೊಟ್ಟಿ ಸರಿಯಾಗುತ್ತಿಲ್ಲ’ ಎಂದು ಬರುವವರು ಬಹಳ. ಇಲ್ಲಿ ಸೊಲ್ಲಾಪುರದ ಕಡೆಯ ಮಾಲ್ದಂಡಿ ಜೋಳ ಧಾರಾಳವಾಗಿ ಸಿಗುತ್ತದೆ; ಕಾಳಿನಲ್ಲಿ ದೋಷವಿಲ್ಲ, ಹಿಟ್ಟು ಹಳೆಯದಾಗಿರುತ್ತದೆ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ, ಕುದಿನೀರಿಗೆ ಹಿಟ್ಟು ಹಿಡಿಯುವ ಜಿಗಿಯೇ ಆಧಾರ. ಬೀಸಿಟ್ಟ ಹಿಟ್ಟು ದಿನ ಕಳೆದಂತೆ ಜಿಗಿ ಬಿಡುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ, ರುಚಿಯೂ ಕಹಿಯಾಗುತ್ತದೆ. ಹೊಸ ಜೋಳ ಬರುವ ಫೆಬ್ರವರಿ-ಮಾರ್ಚ್ ಹೊತ್ತಿಗೆ ಕಾಳನ್ನು ಎಷ್ಟು ಬೇಕಾದರೂ ಕೊಳ್ಳಿ, ಗಿರಣಿಗೆ ಮಾತ್ರ ಸಲಕ್ಕೆ 3 ಕೆಜಿಗಿಂತ ಹೆಚ್ಚು ಒಯ್ಯಬೇಡಿ. ನಾಲ್ಕು ಮಂದಿಗೆ ದಿನಕ್ಕೊಂದು ಹೊತ್ತು ರೊಟ್ಟಿಯಾದರೆ ಅದು ಎಂಟು-ಹತ್ತು ದಿನ. ಬಿಸಿ ಹಿಟ್ಟನ್ನು ಡಬ್ಬಿಗೆ ಸುರಿಯದೆ ಹರವಿ ಆರಿಸಿ. ಮಳೆಗೆ ಮೊದಲು, ಮೇ ತಿಂಗಳಲ್ಲಿ, ಕಾಳು, ಬೇಳೆ, ಮೆಣಸಿನಕಾಯಿ ಎಲ್ಲಕ್ಕೂ ಬಿಸಿಲು ಕಾಣಿಸಿ. ಜೂನ್ ಬಂತೆಂದರೆ ನಾಲ್ಕು ತಿಂಗಳು ನೆಚ್ಚುವಂಥ ಬಿಸಿಲಿಲ್ಲ.

ಕೆಎ ನಂಬರಿನ ಗಾಡಿ ತಂದವರಿಗೆ: 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಇಲ್ಲಿಯ ನೋಂದಣಿ ಬೇಕು. ಎಂಟನೇ ತಿಂಗಳಿಗೇ ಊರಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತರಲು ಹೊರಡಿ. ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆಪತ್ರ, ಹಳೆಯ ದಂಡದ ಬಾಕಿ ಎರಡೂ ಮೊದಲು ತೀರಬೇಕು. ಇಲ್ಲಿ ತೆರಿಗೆ ಕಟ್ಟಿದ ಮೇಲೆ ಕರ್ನಾಟಕದಲ್ಲಿ ಉಳಿದ ಅವಧಿಯ ತೆರಿಗೆ ಹಿಂದಕ್ಕೆ ಕೇಳಬಹುದು, ರಶೀದಿಗಳನ್ನು ಜೋಪಾನವಾಗಿಡಿ. ವಿಮೆ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ.

ಮಕ್ಕಳಿಗೆ 5 ಮತ್ತು 15 ತುಂಬಿದಾಗ ಆಧಾರ್ ಬೆರಳಚ್ಚು ಹೊಸದಾಗಿ ಕೊಡಬೇಕು. ಪಿಂಚಣಿದಾರರ ಜೀವನ ಪ್ರಮಾಣಪತ್ರ ನವೆಂಬರ್‌ನಲ್ಲಿ. 80 ದಾಟಿದ ಹಿರಿಯರು ಅಕ್ಟೋಬರ್ 1ರಿಂದಲೇ ಕೊಡಬಹುದು.

ಗೌರಿ-ಗಣಪತಿಗೆ ಮನೆಗೆಲಸದ ಮಾವಶಿ ಊರಿಗೆ ಹೋಗುತ್ತಾರೆಯೇ ಎಂದು ಶ್ರಾವಣದಲ್ಲೇ ಕೇಳಿ. ದೀಪಾವಳಿಗೆ ಒಂದು ತಿಂಗಳ ಸಂಬಳದಷ್ಟು ಬೋನಸ್ ಕೊಡುವುದು ಇಲ್ಲಿ ರೂಢಿ, ಆ ಹಣ ಮೊದಲೇ ತೆಗೆದಿಡಿ. ನೀವೇ ಊರಿಗೆ ಹೊರಡುವುದಾದರೆ ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು, ಬೆಳಿಗ್ಗೆ 8ಕ್ಕೆ. ಹೊಸ ಕ್ಯಾಲೆಂಡರ್ ತೂಗುಹಾಕಿದ ದಿನವೇ ಹಬ್ಬದಿಂದ ಹಿಂದಕ್ಕೆ ಎಣಿಸಿ ಆ ಚೌಕದಲ್ಲಿ ‘ಟಿಕೆಟ್’ ಎಂದು ಬರೆದುಬಿಡಿ.