ಹದಿಹರೆಯದ ಮಕ್ಕಳಿಗೆ ಆ್ಯಂಟಿಬಯೋಟಿಕ್: ತೂಕ ನೋಡಿ ಪ್ರಮಾಣ ನಿಗದಿಯಾಗುವುದು ಹೇಗೆ?

ಎಂಟನೇ ತರಗತಿಯ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಮಕ್ಕಳಲ್ಲಿ ಒಬ್ಬರು 30 ಕೆ.ಜಿ., ಇನ್ನೊಬ್ಬರು 50 ಕೆ.ಜಿ. ಇರಬಹುದು. ಕಲಬುರಗಿ, ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಸಣಕಲು ಮೈಯ ಮಕ್ಕಳು ಕಡಿಮೆಯೇನಿಲ್ಲ. ಹೀಗಾಗಿ ‘ಹುಡುಗ ದೊಡ್ಡವನಾಗಿದ್ದಾನೆ, ಅಪ್ಪನಿಗೆ ಕೊಟ್ಟ ಗುಳಿಗೆಯನ್ನೇ ಕೊಟ್ಟರಾಯಿತು’ ಎಂಬ ಅಂದಾಜು ಇಲ್ಲಿ ಸುಲಭವಾಗಿ ತಪ್ಪುತ್ತದೆ. ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಅದರ ಹಿಂದಿನ ಲೆಕ್ಕ ಪಾಲಕರಿಗೆ ತಿಳಿದಿದ್ದರೆ, ಔಷಧದ ಚೀಟಿ ಮನೆಗೆ ಬಂದ ಮೇಲೆ ಆಗುವ ತಪ್ಪುಗಳನ್ನು ಅವರೇ ತಡೆಯಬಹುದು.

ಮೊದಲು, ಆ್ಯಂಟಿಬಯೋಟಿಕ್ ಬೇಕೇ ಎಂದು ವೈದ್ಯರನ್ನು ಕೇಳಿ. ನೆಗಡಿ, ಡೆಂಗಿಗಳು ವೈರಸ್‌ನಿಂದ ಬರುವಂಥವು. ಅವುಗಳ ಮೇಲೆ ಈ ಔಷಧಗಳು ಕೆಲಸ ಮಾಡುವುದಿಲ್ಲ.

ನಂತರ ತೂಕ. ಜೂನ್ ತಿಂಗಳಲ್ಲಿ ಶಾಲೆಯಲ್ಲಿ ಬರೆದುಕೊಂಡ ತೂಕವನ್ನು ಜನವರಿಯಲ್ಲಿ ಹೇಳಬೇಡಿ, ಏಕೆಂದರೆ ಈ ವಯಸ್ಸಿನಲ್ಲಿ ಕೆಲವೇ ತಿಂಗಳಲ್ಲಿ ಮೈ ಬೆಳೆದುಬಿಡುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ, ಬೀದರ್ ಅಥವಾ ಕಲಬುರಗಿಯ ದೊಡ್ಡಾಸ್ಪತ್ರೆಯಲ್ಲಾಗಲಿ, ಚಪ್ಪಲಿ ಬಿಡಿಸಿ ಅಂದೇ ತೂಗಿಸಿ, ಆ ಸಂಖ್ಯೆಯನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.

ಇನ್ನು ಲೆಕ್ಕ. ಸಾಮಾನ್ಯವಾಗಿ ಬರೆಯುವ, ಪೆನ್ಸಿಲಿನ್ ಬಳಗದ ಅಮಾಕ್ಸಿಸಿಲಿನ್ ಅನ್ನೇ ತೆಗೆದುಕೊಳ್ಳೋಣ. ಸೌಮ್ಯ ಸೋಂಕಿಗೆ 40 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ ರೂಢಿಯಲ್ಲಿರುವ ಒಂದು ಪ್ರಮಾಣ, ದಿನಕ್ಕೆ ಪ್ರತಿ ಕೆ.ಜಿ.ಗೆ 25 ಮಿ.ಗ್ರಾಂ., ಅದನ್ನು ಎರಡು ಹೊತ್ತಿಗೆ ಹಂಚಿ ಕೊಡುವುದು. 32 ಕೆ.ಜಿ. ಇರುವ ಹುಡುಗಿಗೆ ದಿನಕ್ಕೆ 800, ಅಂದರೆ ಹೊತ್ತಿಗೆ 400 ಮಿ.ಗ್ರಾಂ. 5 ಮಿ.ಲೀ.ಯಲ್ಲಿ 250 ಮಿ.ಗ್ರಾಂ. ಇರುವ ಸಿರಪ್ ಆದರೆ ಅದು 8 ಮಿ.ಲೀ. ಆಗುತ್ತದೆ, ಅಂಗಡಿಯಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಬಾಟಲಿ ಕೊಟ್ಟಿದ್ದು ಗಮನಕ್ಕೆ ಬಾರದೆ ಅದೇ 8 ಮಿ.ಲೀ. ಕುಡಿಸಿದರೆ ಮಗುವಿಗೆ ಸಿಗುವುದು ಅರ್ಧ ಔಷಧ ಮಾತ್ರ. ‘ದಿನಕ್ಕೆ’ ಎಂದಿರುವುದನ್ನು ‘ಹೊತ್ತಿಗೆ’ ಎಂದು ಓದಿಕೊಂಡರೆ ಪ್ರಮಾಣ ಇಮ್ಮಡಿಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಪಾಲಕರು ಎರಡೆರಡು ಸಲ ಓದಬೇಕಾದ ಜಾಗ ಇದೇ.

ತೂಕ ಹೆಚ್ಚಿದಂತೆ ಔಷಧವೂ ಹೆಚ್ಚುತ್ತಲೇ ಹೋಗುವುದಿಲ್ಲ. ಇದೇ ಲೆಕ್ಕದಲ್ಲಿ 40 ಕೆ.ಜಿ. ತಲುಪಿದಾಗ ಹೊತ್ತಿಗೆ 500 ಮಿ.ಗ್ರಾಂ. ಆಗುತ್ತದೆ, ಅದು ದೊಡ್ಡವರ ಪ್ರಮಾಣವೇ ಆದ್ದರಿಂದ ಅಲ್ಲಿಂದ ಮುಂದೆ ಕೆ.ಜಿ. ಲೆಕ್ಕ ನಿಲ್ಲುತ್ತದೆ. ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಬಂದ ಗಂಟಲು ನೋವಿಗೆ ದಿನಕ್ಕೊಮ್ಮೆ ಪ್ರತಿ ಕೆ.ಜಿ.ಗೆ 50 ಮಿ.ಗ್ರಾಂ.ನಂತೆ 10 ದಿನ ಕೊಡುವ ಕ್ರಮವಿದೆ, 32 ಕೆ.ಜಿ.ಗೆ ಗುಣಿಸಿದರೆ 1600 ಬಂದರೂ ಗರಿಷ್ಠ ಮಿತಿ 1000 ಮಿ.ಗ್ರಾಂ. ಆಗಿರುವುದರಿಂದ ಅಷ್ಟನ್ನೇ ಕೊಡುತ್ತಾರೆ. ಬೇರೆ ಔಷಧ, ಬೇರೆ ಕಾಯಿಲೆಗೆ ಈ ಅಂಕಿಗಳು ಸಲ್ಲುವುದಿಲ್ಲ.

ಮೆಡಿಕಲ್ ಅಂಗಡಿಗಳಲ್ಲಿ ‘ಆರ್ನೂರಿಪ್ಪತ್ತೈದು’ ಎಂದೇ ಕೇಳಿ ಪಡೆಯುವ ಗುಳಿಗೆಯಲ್ಲಿ 500 ಮಿ.ಗ್ರಾಂ. ಅಮಾಕ್ಸಿಸಿಲಿನ್, 125 ಮಿ.ಗ್ರಾಂ. ಕ್ಲಾವುಲನಿಕ್ ಆಮ್ಲ (ಬ್ಯಾಕ್ಟೀರಿಯಾಗಳು ಅಮಾಕ್ಸಿಸಿಲಿನ್ ಅನ್ನು ಕೆಡಿಸದಂತೆ ತಡೆಯುವ ಜೊತೆ ಔಷಧ) ಇರುತ್ತವೆ. 375ರಲ್ಲಿ ಅಮಾಕ್ಸಿಸಿಲಿನ್ 250 ಆದರೂ ಕ್ಲಾವುಲನಿಕ್ ಆಮ್ಲ ಅಷ್ಟೇ, 125. ಹಾಗಾಗಿ ಒಂದು 625ರ ಬದಲು ಎರಡು 375 ನುಂಗಿಸಿದರೆ ಕ್ಲಾವುಲನಿಕ್ ಆಮ್ಲ ಇಮ್ಮಡಿಯಾಗಿ, ಭೇದಿ ಶುರುವಾಗುವ ಸಂಭವ ಹೆಚ್ಚುತ್ತದೆ.

ಹಿಂದೆ ಪೆನ್ಸಿಲಿನ್ ಬಳಗದ ಔಷಧದಿಂದ ಅಲರ್ಜಿಯಾಗಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ ತೂಗಿಸುವಾಗಲೇ ಹೇಳಿ. ಮೂತ್ರಪಿಂಡ ಸೊರಗಿದ್ದರೆ ಪ್ರಮಾಣವನ್ನಾಗಲಿ, ಹೊತ್ತುಗಳ ನಡುವಿನ ಅಂತರವನ್ನಾಗಲಿ ಬದಲಿಸಬೇಕಾಗಬಹುದು. ಸಿರಪ್ಪನ್ನು ಅಡುಗೆಮನೆಯ ಚಮಚದಲ್ಲಿ ಅಳೆಯದೆ, ಗೆರೆಯಿರುವ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಪುಡಿಗೆ ನೀರು ಬೆರೆಸಿ ತಯಾರಿಸಿದ ಸಿರಪ್ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬೇಗ ಕೆಡುವುದರಿಂದ ಲೇಬಲ್ಲಿನಲ್ಲಿ ಹೇಳಿದಂತೆ ತಂಪಿನಲ್ಲಿಡಿ, ಪ್ರತಿ ಸಲ ಕುಲುಕಿ ಕೊಡಿ, ಅವಧಿ ಮುಗಿದ ಮೇಲೆ ಉಳಿದದ್ದನ್ನು ಬಳಸಬೇಡಿ. ಮೈಮೇಲೆ ದದ್ದು ಕಂಡರೆ ಮುಂದಿನ ಹೊತ್ತಿನ ಔಷಧ ಕೊಡದೆ ವೈದ್ಯರನ್ನು ಕೇಳಿ. ತುಟಿ, ಮುಖ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ 108ಕ್ಕೆ ಕರೆ ಮಾಡಿ.