ಲಿನಕ್ಸ್ ಬೂಟ್ ಆಗ್ತಿಲ್ವಾ? ಫಾರ್ಮ್ಯಾಟ್‌ಗೆ ಕೈ ಹಾಕಬೇಡಿ

ಉಬುಂಟು ಅಥವಾ ಮಿಂಟ್‌ನಂಥ ಲಿನಕ್ಸ್ ಹಾಕಿದ ಮನೆ ಕಂಪ್ಯೂಟರ್ ಒಂದು ದಿನ ಕಪ್ಪು ಪರದೆ ತೋರಿಸಿ ನಿಂತುಬಿಟ್ಟರೆ, ಜನ ಮಾಡುವ ಮೊದಲ ಕೆಲಸ ಫಾರ್ಮ್ಯಾಟ್. ಅಂಗಡಿಗೆ ಒಯ್ದರೆ ಅಲ್ಲೂ ಅದೇ ಮಾತು. ಮದುವೆ ಫೋಟೊ, ಪಹಣಿಯ ಸ್ಕ್ಯಾನ್, ಮಕ್ಕಳ ಪ್ರಾಜೆಕ್ಟ್ ಎಲ್ಲವನ್ನೂ ಹೀಗೆ ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ. ಬಹಳಷ್ಟು ಸಲ ಅವರ ಫೈಲ್‌ಗಳು ಇದ್ದಲ್ಲೇ ಸುರಕ್ಷಿತವಾಗಿದ್ದವು.

ಎಲ್ಲಿ ನಿಂತಿದೆ ನೋಡಿ

ಪರದೆ ಮೇಲೆ ಏನು ಬಂತು ಅಂತ ಕೇಳಿದರೆ "ಏನೋ ಇಂಗ್ಲಿಷ್‌ನಲ್ಲಿ ಇತ್ತು" ಅನ್ನುತ್ತಾರೆ. ಆ 'ಏನೋ' ಬಹಳ ಮುಖ್ಯ. ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದುಕೊಳ್ಳಿ.

ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಬಯೋಸ್, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ, ಎಚ್ಚರವಾಗುತ್ತದೆ. ಅದು ಗ್ರಬ್ ಎಂಬ ಬೂಟ್ ಮೆನು ತಂತ್ರಾಂಶವನ್ನು ಕರೆಯುತ್ತದೆ. ಗ್ರಬ್ ಲಿನಕ್ಸ್‌ನ ತಿರುಳಾದ ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ತಾತ್ಕಾಲಿಕ ವ್ಯವಸ್ಥೆಯನ್ನು ಲೋಡ್ ಮಾಡುತ್ತದೆ. ಆ ವ್ಯವಸ್ಥೆಗೆ ನಿಮ್ಮ ಡಿಸ್ಕ್ ಸಿಕ್ಕ ಮೇಲೆ, ಸೇವೆಗಳನ್ನೆಲ್ಲ ಶುರುಮಾಡುವ ಸಿಸ್ಟಮ್‌ಡಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಸುಲಭದವು

ವಿಂಡೋಸ್ ಕೂಡ ಇರುವ ಯಂತ್ರದಲ್ಲಿ ನೇರವಾಗಿ ಅದೇ ಬಂದರೆ ಬಯೋಸ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ಉಬುಂಟುವನ್ನು ಮೇಲಕ್ಕೆ ತನ್ನಿ. ಇದನ್ನು ನೋಡದೆ ಬೂಟ್ ರಿಪೇರಿ ತಂತ್ರಾಂಶ ಓಡಿಸಬೇಡಿ.

ಅಪ್‌ಡೇಟ್ ಆದ ಮೇಲೆ ನಿಂತಿದ್ದರೆ ಹಳೆಯ ಕರ್ನಲ್‌ನಿಂದ ಬೂಟ್ ಮಾಡಿ. ಆನ್ ಮಾಡಿದ ತಕ್ಷಣ ಎಸ್ಕೇಪ್ ಕೀ ಒಮ್ಮೆ ಒತ್ತಿದರೆ ಗ್ರಬ್ ಮೆನು ಬರುತ್ತದೆ. ಹಳೇ ಯಂತ್ರಗಳಲ್ಲಿ ಶಿಫ್ಟ್ ಹಿಡಿದಿರಬೇಕು. ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಳೆಯ ಕರ್ನಲ್ ಇರುತ್ತದೆ. ಎಸ್ಕೇಪ್ ಅನ್ನು ಪಟಪಟ ಒತ್ತಬೇಡಿ, ಮೆನು ದಾಟಿ ಬರೀ 'ಗ್ರಬ್' ಎಂಬ ಪ್ರಾಂಪ್ಟ್‌ಗೆ (ಕಮ್ಯಾಂಡ್ ಬರೆಯುವ ಸಾಲಿಗೆ) ಬೀಳುತ್ತೀರಿ.

ಎನ್‌ವಿಡಿಯಾ ಕಾರ್ಡ್ ಇದ್ದು ಪರದೆ ಪೂರ್ತಿ ಕಪ್ಪಾದರೆ, ಗ್ರಬ್ ಮೆನುವಿನಲ್ಲಿ 'ಇ' ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ಒಳಗೆ ಹೋದ ಮೇಲೆ ಸರಿಯಾದ ಡ್ರೈವರ್ ಹಾಕಿಕೊಳ್ಳಿ.

ಕರೆಂಟ್ ಹೋದ ಮೇಲೆ ಬರುವ ಕಾಟ

ನಮ್ಮಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಕೆಲಸದ ಮಧ್ಯೆ ಕರೆಂಟ್ ಹೋಗುತ್ತದೆ. ಮತ್ತೆ ಆನ್ ಮಾಡಿದರೆ ಬಿಝಿಬಾಕ್ಸ್ ಎಂಬ ಸಾಲು, ಅದರ ಕೆಳಗೆ ಕಂಸದೊಳಗೆ 'ಇನಿಟ್‌ರಾಮ್‌ಎಫ್‌ಎಸ್', ಪಕ್ಕದಲ್ಲಿ ಮಿಣುಕುವ ಕರ್ಸರ್.

ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಎಕ್ಸ್ಟ್4 ಫೈಲ್ ವ್ಯವಸ್ಥೆ ತನ್ನ ಬದಲಾವಣೆಗಳನ್ನು ಮೊದಲು ಜರ್ನಲ್‌ನಲ್ಲಿ ಬರೆದು ಆಮೇಲೆ ಸ್ವಸ್ಥಾನಕ್ಕೆ ಸೇರಿಸುತ್ತದೆ. ಅಂಗಡಿಯವರು ಕಚ್ಚಾ ಚೀಟಿಯಲ್ಲಿ ಗೀಚಿ ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುವ ಹಾಗೆ. ಹಾಗಾಗಿ ಸಾಮಾನ್ಯವಾಗಿ ಕರೆಂಟ್ ಹೋದರೂ ತಾನೇ ಸರಿಹೋಗುತ್ತದೆ. ಕೆಲವೊಮ್ಮೆ ಲೆಕ್ಕ ತಾಳೆಯಾಗದೆ, ನೀವೇ ಬಂದು ನೋಡಿ ಅಂತ ನಿಲ್ಲುತ್ತದೆ.

ಆ ಪ್ರಾಂಪ್ಟ್‌ನಲ್ಲಿ 'ಎಕ್ಸಿಟ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಕಮ್ಯಾಂಡ್‌ಗಳೆಲ್ಲ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಇರಬೇಕು. ಎಕ್ಸಿಟ್ ಕೊಟ್ಟರೆ ನಿಂತ ಕಾರಣ ಸಾಮಾನ್ಯವಾಗಿ ಮತ್ತೆ ಪರದೆಗೆ ಬರುತ್ತದೆ. ಇಲ್ಲಿ ಕಣ್ಣಿಟ್ಟು ಓದಿ.

'ಮ್ಯಾನ್ಯುಯಲ್ ಎಫ್‌ಎಸ್‌ಸಿಕೆ' (ನೀವೇ ಓಡಿಸಬೇಕಾದ ಫೈಲ್ ವ್ಯವಸ್ಥೆಯ ತಪಾಸಣೆ) ಬೇಕು ಅಂತ ಇದ್ದು, ಜೊತೆಗೆ ಪಾರ್ಟಿಷನ್, ಅಂದರೆ ಡಿಸ್ಕ್‌ನ ಒಂದು ಭಾಗದ ಹೆಸರಿದ್ದರೆ ರಿಪೇರಿ ಮಾಡಬಹುದು. ಯುಯುಐಡಿ ಎಂಬ ಉದ್ದದ ಸಂಖ್ಯೆ ತೋರಿಸಿ 'ಇಲ್ಲವೇ ಇಲ್ಲ' ಅಂದರೆ ಡಿಸ್ಕೇ ಸಿಗುತ್ತಿಲ್ಲ ಅಂತ ಅರ್ಥ. ಆಗ ಸಾಟಾ ಕೇಬಲ್ ಬಿಗಿಯಾಗಿದೆಯಾ, ಬಯೋಸ್‌ನಲ್ಲಿ ಡಿಸ್ಕ್ ಕಾಣುತ್ತಿದೆಯಾ ನೋಡಿ. 'ಐ/ಓ ಎರರ್' ಸಾಲುಗಳು ಬಂದರೆ, ಅಥವಾ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂದರೆ, ದಯವಿಟ್ಟು ಅಲ್ಲೇ ನಿಲ್ಲಿಸಿ. ಸಾಯುತ್ತಿರುವ ಡಿಸ್ಕ್ ಮೇಲೆ ರಿಪೇರಿ ಓಡಿಸಿದರೆ ಉಳಿದದ್ದೂ ಹೋಗುತ್ತದೆ. ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ನೇರವಾಗಿ ಲಿನಕ್ಸ್ ಓಡಿಸುವಂಥದ್ದು) ಬೂಟ್ ಮಾಡಿ, ಇನ್‌ಸ್ಟಾಲ್ ಅಲ್ಲ 'ಟ್ರೈ' ಆರಿಸಿ, ಮೊದಲು ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ.

ಪೆನ್‌ಡ್ರೈವ್ 8 ಜಿಬಿಯದ್ದು ಸಾಕು, ಆದರೆ ಒಳ್ಳೇ ಕಂಪನಿಯದ್ದೇ ಇರಲಿ. ಬೀದಿಬದಿ ಸಿಗುವ '1 ಟಿಬಿ' ಪೆನ್‌ಡ್ರೈವ್‌ಗಳು ಗಾತ್ರದ ಬಗ್ಗೆ ಸುಳ್ಳು ಹೇಳುತ್ತವೆ. ನಾನು ನನ್ನ ಪೆನ್‌ಡ್ರೈವ್‌ಗೆ ವೆಂಟಾಯ್ ಎಂಬ ತಂತ್ರಾಂಶ ಹಾಕಿಡುತ್ತೇನೆ. ಆಮೇಲೆ ಲಿನಕ್ಸ್‌ನ ಐಎಸ್‌ಓ ಫೈಲ್ (ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ನಕಲು) ಅದಕ್ಕೆ ಸುಮ್ನೆ ನಕಲು ಮಾಡಿದರೆ ಆಯಿತು.

ಇನ್ನು ರಿಪೇರಿ. ಪಾರ್ಟಿಷನ್ ಹೆಸರು 'ಎಸ್‌ಡಿಎ2' ಅಂತಿಟ್ಟುಕೊಳ್ಳಿ. ಮೊದಲು ಎಫ್, ಎಸ್, ಸಿ, ಕೆ ಎಂಬ ನಾಲ್ಕು ಅಕ್ಷರ. ಒಂದು ಜಾಗ. ಮೈನಸ್ ಗುರುತು, ಅದಕ್ಕಂಟಿದಂತೆ ವೈ. ಮತ್ತೊಂದು ಜಾಗ. ಆಮೇಲೆ ಸ್ಲ್ಯಾಶ್ ಡಿಇವಿ ಸ್ಲ್ಯಾಶ್ ಎಸ್‌ಡಿಎ2. ಮೈನಸ್ ವೈ ಅಂದರೆ ಅದು ಕೇಳುವ ಪ್ರತಿ ಪ್ರಶ್ನೆಗೂ ಹೌದು ಅಂತ ಉತ್ತರ. ಅದಿಲ್ಲದಿದ್ದರೆ ಕೂತು ವೈ ಒತ್ತುತ್ತಲೇ ಇರಬೇಕಾಗುತ್ತದೆ. ನಿಮ್ಮ ಪರದೆಯಲ್ಲಿ 'ಎನ್‌ವಿಎಂಇ' ಎಂದು ಶುರುವಾಗುವ ಉದ್ದದ ಹೆಸರಿದ್ದರೆ ಅದನ್ನೇ ಹಾಗೆಯೇ ಬರೆಯಿರಿ. ಲೇಖನದಲ್ಲಿ ಇದೆ ಅಂತ ಎಸ್‌ಡಿಎ2 ಹಾಕಬೇಡಿ!

ಓಡುತ್ತಿರುವಾಗ ಮಧ್ಯೆ ಆಫ್ ಮಾಡಬೇಡಿ. ದೊಡ್ಡ ಹಾರ್ಡ್ ಡಿಸ್ಕ್ ಆದರೆ ತುಂಬಾ ಹೊತ್ತು ಹಿಡಿಯಬಹುದು. 'ಫೈಲ್ ಸಿಸ್ಟಮ್ ವಾಸ್ ಮಾಡಿಫೈಡ್' ಅಂತ ಬಂದ ಮೇಲೆ ಅದೇ ಕಮ್ಯಾಂಡ್‌ಗೆ ಮೈನಸ್ ಎಫ್ ಕೂಡ ಸೇರಿಸಿ ಇನ್ನೊಮ್ಮೆ ಓಡಿಸಿ. ತಪ್ಪು ಸಿಗದಿದ್ದರೆ 'ರೀಬೂಟ್' ಕೊಡಿ.

ಇನ್ನೊಂದು ಎಚ್ಚರಿಕೆ. ಬೂಟ್ ಆಗಿ ಬಳಕೆಯಲ್ಲಿರುವ, ಅಂದರೆ ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಈ ಕಮ್ಯಾಂಡ್ ಓಡಿಸಲೇಬಾರದು. ಇನಿಟ್‌ರಾಮ್‌ಎಫ್‌ಎಸ್ ಹಂತದಲ್ಲಿ ಅದಿನ್ನೂ ಮೌಂಟ್ ಆಗಿರುವುದಿಲ್ಲ, ಅದಕ್ಕೇ ಅಲ್ಲಿ ತೊಂದರೆಯಿಲ್ಲ.

ಬೂಟ್ ಆದ ಮೇಲೆ

ಯಾವುದಾದರೂ ಫೈಲ್ ಕಾಣದಿದ್ದರೆ ಆ ಪಾರ್ಟಿಷನ್‌ನ 'ಲಾಸ್ಟ್+ಫೌಂಡ್' ಫೋಲ್ಡರ್ ನೋಡಿ. ಎಫ್‌ಎಸ್‌ಸಿಕೆ ತನಗೆ ಸಿಕ್ಕ ಚೂರುಗಳನ್ನು ಅಲ್ಲಿ ಹೆಸರಿನ ಬದಲು ಸಂಖ್ಯೆ ಕೊಟ್ಟು ಇಟ್ಟಿರುತ್ತದೆ. ತೆರೆಯಲು ರೂಟ್ (ಅಡ್ಮಿನ್) ಅನುಮತಿ ಬೇಕು.

ಬ್ಯಾಕಪ್ ಅವತ್ತೇ ತೆಗೆಯಿರಿ. ನಂತರ 'ಡಿಸ್ಕ್ಸ್' ಆ್ಯಪ್‌ನಲ್ಲಿ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ವರದಿ) ತೆರೆದು, ರೀಅಲೊಕೇಟೆಡ್ ಸೆಕ್ಟರ್, ಅಂದರೆ ಕೆಟ್ಟು ಬದಲಿ ಜಾಗ ಕೊಟ್ಟ ತುಣುಕುಗಳ ಲೆಕ್ಕ ಏರುತ್ತಿದೆಯಾ ಎಂದು ನೋಡುತ್ತಿರಿ. ಏರುತ್ತಿದ್ದರೆ ಹೊಸ ಎಸ್‌ಎಸ್‌ಡಿ ತನ್ನಿ. ಅದರ ಜೊತೆಗೇ ಒಂದು 600 ವಿಎ ಯುಪಿಎಸ್ ಕೂಡ ತಂದುಬಿಡಿ. ಸಾಧಾರಣ ಡೆಸ್ಕ್‌ಟಾಪ್ ಅನ್ನು ಸರಿಯಾಗಿ ಶಟ್‌ಡೌನ್ ಮಾಡಲು ಅದು ಧಾರಾಳ ಸಾಕು.