ಕಾರಿನ ಹೊರಗೇ ಒಂದು ಬೀಗದ ಕೈ: ನಾನು ಬಚ್ಚಿಟ್ಟ ಬಗೆ

ಗಾಡಿಯ ಹೊರಗೆ ಬಚ್ಚಿಡುವ ಕೀ ಬಾಗಿಲು ತೆಗೆದರೆ ಸಾಕು, ಎಂಜಿನ್ ಸ್ಟಾರ್ಟ್ ಮಾಡಬಾರದು. ಇದೊಂದನ್ನು ತೀರ್ಮಾನ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಎಲ್ಲಿಡೋದು, ಹೇಗೆ ಕಟ್ಟೋದು ಅನ್ನೋದೆಲ್ಲ ಆಮೇಲಿನ ಮಾತು.

ಇಷ್ಟು ತಲೆ ಕೆಡಿಸಿಕೊಂಡಿದ್ದು ಯಾಕೆ ಅಂದರೆ, ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ಕೆಲಸ ವೈಟ್‌ಫೀಲ್ಡಿನಲ್ಲಿ. ಕೀ ಒಳಗೇ ಉಳಿದು ಬಾಗಿಲು ಲಾಕ್ ಆಯ್ತು ಅಂದರೆ, ನೇರಳೆ ಮಾರ್ಗದ ಮೆಟ್ರೋ ಹಿಡಿದು ಮನೆಗೆ ಹೋಗಿ ಇನ್ನೊಂದು ಕೀ ತರೋದಕ್ಕೆ ಎರಡು ಗಂಟೆ ಸಾಲದು. ಗಾಜು ಒಡೆಯೋ ಮಾತು ಬೇಡ. ಕಬ್ಬಿಣದ ಪಟ್ಟಿ ತೂರಿಸಿ ಲಾಕ್ ಎಬ್ಬಿಸುವವರು ಸಿಗುತ್ತಾರೆ, ಆದರೆ ಅವರು ಹೋದ ಮೇಲೆ ಬಾಗಿಲಿನ ರಬ್ಬರಿನ ಗತಿ ನೋಡಬೇಕು.

ನಮ್ಮದು ಹಳೇ ಸ್ವಿಫ್ಟ್. ಅದರ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಪುಟ್ಟ ಚಿಪ್ ಇದೆ. ಇಗ್ನಿಷನ್ ಸುತ್ತ ಇರುವ ಕಾಯಿಲ್ ಆ ಚಿಪ್ಪಿನ ಸಂಕೇತ ಓದಿ ಒಪ್ಪಿಕೊಂಡರೆ ಮಾತ್ರ ಎಂಜಿನ್ ಓಡೋದು. ಬಾಗಿಲಿನ ಲಾಕಿಗೆ ಈ ಚಿಪ್ಪಿನ ಗೊಡವೆಯೇ ಇಲ್ಲ, ಹಲ್ಲು ಸರಿಯಾಗಿ ಕೂತರೆ ಸಾಕು, ತಿರುಗುತ್ತೆ. ಹಾಗಾಗಿ ಚಿಪ್ ಇಲ್ಲದ ಬರೀ ಲೋಹದ ಕೀ ಒಂದನ್ನು ಕತ್ತರಿಸಿಕೊಂಡೆ. ಕಳ್ಳನ ಕೈಗೆ ಸಿಕ್ಕರೂ ಅವನು ಒಳಗೆ ಕೂರಬಹುದು, ಗಾಡಿ ಒಯ್ಯಲಾರ. ಒಳಗೆ ಲ್ಯಾಪ್‌ಟಾಪ್ ಬಿಟ್ಟಿದ್ದರೆ ಅದು ಹೋಗುತ್ತೆ, ಆದರೆ ಲ್ಯಾಪ್‌ಟಾಪ್ ಕಂಡರೆ ಅವನು ಕೀ ಹುಡುಕುತ್ತಾ ಕೂರಲ್ಲ, ಗಾಜೇ ಒಡೀತಾನೆ. ಚಿಪ್ ನೋಡಿ ಎಂಜಿನ್ ಬಿಡುವ ಈ ಏರ್ಪಾಡು, ಅಂದರೆ ಇಮ್ಮೊಬಿಲೈಜರ್, ಇಲ್ಲದ ತೀರಾ ಹಳೇ ಗಾಡಿಗಳಲ್ಲಿ ಬಾಗಿಲಿನ ಕೀಯೇ ಎಂಜಿನ್ನಿಗೂ ಆಗುತ್ತೆ. ಅಂಥದ್ದು ಇರುವವರು ಈ ಗೋಜಿಗೇ ಹೋಗಬೇಡಿ.

ಇನ್ನೊಂದು ಕಾರಣವೂ ಇದೆ. ಕಾರು ಕಳುವಾದರೆ ವಿಮೆಯವರು ಕಂಪನಿ ಕೊಟ್ಟ ಎರಡೂ ಕೀ ತಂದುಕೊಡಿ ಅಂತಾರೆ. ಅದರಲ್ಲಿ ಒಂದನ್ನು ಗಾಡಿಯ ಅಡಿಯಲ್ಲೇ ಕಟ್ಟಿದ್ದರೆ ಅದು ಗಾಡಿಯ ಜೊತೆಗೇ ಹೋಗಿರುತ್ತೆ. ಆಮೇಲೆ ಕ್ಲೇಮ್ ಕೇಳೋಕೆ ಹೋಗಿ ನೋಡಿ. ಹಾಗಾಗಿ ಒರಿಜಿನಲ್ ಎರಡನೇ ಕೀ ಇರೋದು ಮನೆಯ ಬೀರುವಿನಲ್ಲೇ. ಕೀ ಪೂರ್ತಿ ಕಳೆದೇ ಹೋದರೆ ಪಾರ್ಸೆಲ್ ಒಯ್ಯುವ ಬೈಕಿನವರ ಕೈಲಿ ಮನೆಯವಳು ಅದನ್ನು ಕಳಿಸಬಹುದು. ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲದೆ ಕಾರಿನೊಳಗೆ ಕೂತು ಕಾಯಬಹುದಲ್ಲ, ಅದೂ ಲಾಭವೇ.

ಕೀ ಕತ್ತರಿಸೋಕೆ ಕೆ.ಆರ್. ಮಾರ್ಕೆಟ್ ಕಡೆ ಹೋದೆ. ಅಂಚಿನಲ್ಲಿ ಹಲ್ಲಿರುವ ಮಾಮೂಲಿ ಕೀ ಆದರೆ ಫುಟ್‌ಪಾತಿನಲ್ಲಿ ಛತ್ರಿ ಕೆಳಗೆ ಕೂತವರೂ ಮಾಡಿಕೊಡುತ್ತಾರೆ. ಪಟ್ಟಿಯ ಮೈಮೇಲೆ ಹಾವಿನ ಹಾಗೆ ಗೀರು ಕೊರೆದಿರುವ ಕೀ ಆದರೆ ಅದಕ್ಕೆ ಬೇರೆ ಮೆಷಿನ್ ಬೇಕು, ಅದು ಇರುವ ಅಂಗಡಿಗೇ ಹೋಗಬೇಕು. ಒಂದು ವಿಷಯ ಕೇಳಿ ತಗೊಳ್ಳಿ: ಬ್ಲ್ಯಾಂಕ್, ಅಂದರೆ ಇನ್ನೂ ಹಲ್ಲು ಕೊರೆಯದ ಕೀ, ಹಿತ್ತಾಳೆಯದ್ದಿರಲಿ. ಕಬ್ಬಿಣದ್ದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯುತ್ತೆ. ನಾನು ಹಿತ್ತಾಳೆಯದ್ದೇ ಬೇಕು ಅಂದಾಗ ಅಂಗಡಿಯವರು "ಚಿಪ್ ಹಾಕ್ಸಲ್ವಾ ಸಾರ್, ಗಾಡಿ ಸ್ಟಾರ್ಟ್ ಆಗಲ್ಲ ಇದ್ರಲ್ಲಿ" ಅಂತ ಎರಡೆರಡು ಸಲ ಕೇಳಿದರು. ಆಗದಿರೋದೇ ಬೇಕಾಗಿರೋದು ಅಂದಾಗ ನಕ್ಕು ಕತ್ತರಿಸಿ ಕೊಟ್ಟರು.

ತಂದ ಕೀ ಬಾಗಿಲಲ್ಲಿ ಸಲೀಸಾಗಿ ತಿರುಗುತ್ತಾ ನೋಡಬೇಕು. ರಿಮೋಟ್ ಬಂದ ಮೇಲೆ ಬಾಗಿಲಿನ ತೂತಿಗೆ ಕೀ ಹಾಕುವವರೇ ಇಲ್ಲ. ನಮ್ಮೂರಿನ ಧೂಳು ಅದರೊಳಗೆ ಸೇರಿ ಗಟ್ಟಿಯಾಗಿ ಕೂತಿರುತ್ತೆ. ಅದಕ್ಕೆ ಎಣ್ಣೆ ಬಿಡಬೇಡಿ, ಎಣ್ಣೆಗೆ ಇನ್ನಷ್ಟು ಧೂಳು ಮೆತ್ತಿಕೊಳ್ಳುತ್ತೆ. ಪೆನ್ಸಿಲ್ ಸೀಸವನ್ನು ನುಣ್ಣಗೆ ಪುಡಿ ಮಾಡಿ ಕೀಗೆ ಸವರಿ ಒಳಗೆ ಹೊರಗೆ ಆಡಿಸಿದೆ, ಬಿಗಿ ಬಿಟ್ಟಿತು. ಕೆಲವು ಗಾಡಿಗಳಲ್ಲಿ ರಿಮೋಟಿನಲ್ಲಿ ಲಾಕ್ ಮಾಡಿ ಲೋಹದ ಕೀಯಲ್ಲಿ ತೆಗೆದರೆ ಅಲಾರಂ ಬಡಿದುಕೊಳ್ಳುತ್ತೆ. ನಿಮ್ಮದೂ ಹಾಗಾ ಅನ್ನೋದನ್ನ ಮನೆ ಮುಂದೆಯೇ ಪರೀಕ್ಷೆ ಮಾಡಿಕೊಂಡುಬಿಡಿ, ಮಾಲ್‌ನ ಬೇಸ್‌ಮೆಂಟಿನಲ್ಲಿ ಅಲ್ಲ.

ಈಗ ಜಾಗದ ವಿಷಯ. ನಂಬರ್ ಪ್ಲೇಟಿನ ಹಿಂದೆ ಅಂಟಿಸಿ ಅಂತ ಹೊರದೇಶದವರು ಹೇಳೋದುಂಟು. ನಮ್ಮಲ್ಲಿ ಅದು ಆಗದ ಕೆಲಸ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಅನ್ನುವ ಹೆಚ್ಚು ಭದ್ರತೆಯ ನಂಬರ್ ಪ್ಲೇಟೇ ಬರೋದು, ಹಳೆಯವಕ್ಕೂ ಹಾಕಿಸಬೇಕಾಯ್ತು. ಅದನ್ನು ಕೂರಿಸೋದು ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಸ್ನ್ಯಾಪ್ ಲಾಕಿನಲ್ಲಿ. ಬಾನೆಟ್ ತೆಗೆಯುವ ಲಿವರ್ ಕಾರಿನೊಳಗೇ ಇರೋದರಿಂದ ಅದರಡಿ ಇಡೋದೂ ವ್ಯರ್ಥ. ವೈಪರ್ ಬುಡದ ಜಾಲರಿ ಕೈಗೆ ಸುಲಭ, ಆದರೆ ದಿನಾ ಬೆಳಿಗ್ಗೆ ಬಂದು ಕಾರು ಒರೆಸುವವರಿಗೂ ಅಷ್ಟೇ ಸುಲಭ.

ಅಂಗಡಿಯಲ್ಲಿ ಸಿಗುವ ಮ್ಯಾಗ್ನೆಟ್ ಡಬ್ಬಿ ಅಂತೂ ನನಗೆ ಹಿಡಿಸಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಅಂಕಲ್ ಅದನ್ನು ಚಕ್ರದ ಮೇಲಿನ ಕಮಾನಿನಲ್ಲಿ ಅಂಟಿಸಿದ್ದರು. ಒಂದು ಬೆಳಿಗ್ಗೆ ಕಾರು ಒರೆಸುವ ಹುಡುಗ ಅದನ್ನು ಹಿಡಿದುಕೊಂಡು ಒಬ್ಬೊಬ್ಬರನ್ನೇ ಕೇಳುತ್ತಾ ಬಂದ, "ಸಾರ್, ಇದು ನಿಮ್ ಗಾಡೀದಾ?" ಒಳ್ಳೆ ಹುಡುಗ, ಸರಿಹೋಯ್ತು. ಡಬ್ಬಿ ಉದುರಿದ್ದರಲ್ಲಿ ಆಶ್ಚರ್ಯವಿಲ್ಲ. ಬಂಪರ್ ಪ್ಲಾಸ್ಟಿಕ್, ಕಮಾನಿನ ಒಳಪದರವೂ ಬಹಳಷ್ಟು ಕಡೆ ಪ್ಲಾಸ್ಟಿಕ್ಕೇ, ಮ್ಯಾಗ್ನೆಟ್ ಹಿಡಿಯೋದು ಕಬ್ಬಿಣ ಸಿಕ್ಕಲ್ಲಿ ಮಾತ್ರ. ಅದರ ಮೇಲೆ ಕೆಸರು, ಪ್ರೆಷರ್ ವಾಷ್, ಮತ್ತೆ ಬಣ್ಣ ಬಳಿಯದ ನಮ್ಮ ಹಂಪುಗಳು.

ನಾನು ಆರಿಸಿಕೊಂಡಿದ್ದು ಹಿಂದಿನ ಬಂಪರಿನ ಒಳಗಡೆ, ಕೆಟ್ಟ ಗಾಡಿ ಎಳೆಯೋಕೆ ಹಗ್ಗ ಕಟ್ಟುವ ಟೋ ಹುಕ್ ಪಕ್ಕದ ಕಬ್ಬಿಣದ ಪಟ್ಟಿಯ ಒಂದು ತೂತು. ಸೈಲೆನ್ಸರ್ ಇರುವ ಬದಿ ಬೇಡ, ಅಲ್ಲಿ ಪ್ಲಾಸ್ಟಿಕ್ ಕರಗುತ್ತೆ, ತೆಗೆಯೋಕೆ ಹೋದರೆ ಕೈಯೂ ಸುಡುತ್ತೆ. ಅದರ ಎದುರು ಬದಿ. ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಪೆಟ್ರೋಲ್ ಪೈಪು, ಸ್ಪ್ರಿಂಗು ಇವ್ಯಾವುದರ ಹತ್ತಿರವೂ ಇರಬಾರದು. ಅಲ್ಲಾಡುವ ಭಾಗಕ್ಕೆ ಏನನ್ನೂ ಕಟ್ಟಬಾರದು.

ಕಟ್ಟಿದ್ದು ಮನೆ ವೈರಿಂಗಿನ ಕಪ್ಪು ತಾಮ್ರದ ವೈರಿನಲ್ಲಿ, ಒಂದೂವರೆ ಸ್ಕ್ವೇರ್ ಎಂಎಂದು. ಕೇಬಲ್ ಟೈ ಗಟ್ಟಿಯೇನೋ ಹೌದು, ಆದರೆ ಕತ್ತರಿಸೋಕೆ ಬೇಕಾದ ಚಾಕು ಕಾರಿನೊಳಗೇ ಉಳಿದಿರುತ್ತೆ! ನಟ್ಟು ಬೋಲ್ಟಾದರೆ ತುಕ್ಕು ಹಿಡಿದು ಕೈಯಲ್ಲಿ ಬರಲ್ಲ. ಮೊದಲು ಕೀಗೆ ತೆಳುವಾಗಿ ಗ್ರೀಸ್ ಸವರಿ ಸೈಕಲ್ ಟ್ಯೂಬಿನ ತುಂಡಿನೊಳಗೆ ತೂರಿಸಿ ಮಡಚಿದೆ. ರಬ್ಬರ್ ಇರೋದರಿಂದ ಹಂಪಿನಲ್ಲಿ ಟಕ್ಕಟಕ್ಕ ಸದ್ದು ಬರಲ್ಲ. ವೈರನ್ನು ಟ್ಯೂಬಿನ ಮೇಲಿಂದ ಎರಡು ಸುತ್ತು, ಕೀ ತಲೆಯ ತೂತಿನಿಂದ ಒಂದು ಸುತ್ತು ತಂದು ಪಟ್ಟಿಯ ತೂತಿಗೆ ಪೋಣಿಸಿ, ತುದಿಗಳನ್ನು ನಾಲ್ಕೈದು ತಿರುವು ತಿರುಚಿ ಮೇಲಕ್ಕೆ ಮಡಚಿದೆ. ಟ್ಯೂಬು, ವೈರು, ಅಡಿಯ ಕಪ್ಪು ಕೋಟಿಂಗು ಎಲ್ಲ ಒಂದೇ ಬಣ್ಣ. ಬಗ್ಗಿ ನೋಡಿದರೂ ಅದೂ ಗಾಡಿಯದೇ ಯಾವುದೋ ಭಾಗ ಅನ್ನಿಸುತ್ತೆ.

ಬಿಚ್ಚೋದನ್ನು ಕತ್ತಲಲ್ಲಿ, ನೋಡದೆ, ಒಂದೇ ಕೈಯಲ್ಲಿ ಅಭ್ಯಾಸ ಮಾಡಿದೆ. ಕೀ ಒಳಗಿದ್ದರೆ ಬಹುಪಾಲು ಫೋನೂ ಒಳಗೇ ಇರುತ್ತೆ, ಟಾರ್ಚ್ ಎಲ್ಲಿಂದ ಬರಬೇಕು? ಟೈರು ನೋಡುವವರ ಹಾಗೆ ಕುಕ್ಕರಗಾಲಲ್ಲಿ ಕೂತರೆ ಕೈ ಸೀದಾ ಅಲ್ಲಿಗೇ ಹೋಗುತ್ತೆ. ಪಾರ್ಕಿಂಗಿನಲ್ಲಿ ಇದನ್ನು ಮಾಡುವಾಗ ವಾಚ್‌ಮನ್ ಬಂದು "ಪಂಚರ್ರಾ ಸಾರ್?" ಅಂದರು, ಹೌದು ಅಂದೆ. ಜಾಗ ಗೊತ್ತಿರೋದು ನನಗೆ ಮತ್ತು ಮನೆಯವಳಿಗೆ, ಅಷ್ಟೇ.

ಭಾವನದ್ದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿ. ಸ್ಮಾರ್ಟ್ ಕೀಯನ್ನೇ ಹೊರಗೆ ಕಟ್ಟಿದರೆ, ಹತ್ತಿರ ನಿಂತು ಹಿಡಿಕೆಯ ಬಟನ್ ಒತ್ತಿದ ಯಾರಿಗಾದರೂ ಬಾಗಿಲು ತೆರೆದುಕೊಳ್ಳಬಹುದು. ಕಾರಿಗೆ ಕೀ ಪಕ್ಕದಲ್ಲೇ ಇದೆ ಅಂತ ಗೊತ್ತಾಗುತ್ತಲ್ಲ. ಕೀಯೊಳಗಿನ ಬಿಲ್ಲೆಯಂಥ ಸೆಲ್ ತೆಗೆದಿಟ್ಟರೆ ಅದು ತಪ್ಪುತ್ತೆ, ಆದರೆ ಸೆಲ್ ಇಲ್ಲದ ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿದರೂ ಹಲವು ಗಾಡಿಗಳು ಸ್ಟಾರ್ಟ್ ಆಗುತ್ತವೆ. ಹಾಗಾಗಿ ಅವರಿಗೆ ಹೇಳಿದ್ದೂ ಅದನ್ನೇ: ಸ್ಮಾರ್ಟ್ ಕೀಯ ಹೊಟ್ಟೆಯೊಳಗೆ ಎಳೆದರೆ ಬರುವ ಒಂದು ಲೋಹದ ಕೀ ಇರುತ್ತೆ, ಅದರ ನಕಲನ್ನು ಮಾತ್ರ ಹೊರಗೆ ಕಟ್ಟಿ. ಬಾಗಿಲಿನ ತೂತು ಕೆಲವದರಲ್ಲಿ ಹಿಡಿಕೆಯ ಮುಚ್ಚಳದಡಿ ಅಡಗಿರುತ್ತೆ, ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಮುಂಗಾರು ಮುಗಿದು ಆಯುಧಪೂಜೆಗೆ ಗಾಡಿ ತೊಳೆಯುವಾಗ ಬಿಚ್ಚಿ ನೋಡುತ್ತೇನೆ. ಗ್ರೀಸ್ ಒರೆಸಿ, ಬಾಗಿಲಿಗೆ ಒಮ್ಮೆ ಹಾಕಿ ತಿರುಗಿಸಿ, ಹೊಸ ಗ್ರೀಸ್ ಸವರಿ ಮತ್ತೆ ಕಟ್ಟುತ್ತೇನೆ. ಸರ್ವಿಸಿಗೆ ಬಿಡುವ ಹಿಂದಿನ ರಾತ್ರಿಯೂ ಅಷ್ಟೇ, ಬಿಚ್ಚಿ ಮನೆಯೊಳಗೆ ಇಡುತ್ತೇನೆ. ಗಾಡಿ ಲಿಫ್ಟ್ ಮೇಲೆ ಏರಿದರೆ ಅಡಿಯಲ್ಲಿರೋದೆಲ್ಲ ಕಣ್ಣಿನ ಮಟ್ಟಕ್ಕೆ ಬರುತ್ತೆ. ವಾಪಸ್ ಕಟ್ಟುವಾಗ ಹಳೇ ವೈರು ಬೇಡ, ಹೊಸ ತುಂಡು ತಗೊಳ್ಳಿ. ತಾಮ್ರವನ್ನು ಅದೇ ಜಾಗದಲ್ಲಿ ತಿರುಚಿ ಬಿಚ್ಚಿ ಮಾಡುತ್ತಿದ್ದರೆ ಪ್ಲಾಸ್ಟಿಕ್ಕಿನೊಳಗೇ ಮುರಿದಿರುತ್ತೆ, ಹೊರಗೆ ಗೊತ್ತಾಗಲ್ಲ.